ಎಳೆಯರ ಮಧುಮೇಹವೂ ಪಥ್ಯದ ಚರಿತ್ರೆಯೂ



"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಎಳವೆಯಿಂದ ಕೇಳಿಕೊಂಡು ಬಂದಿದ್ದೇವೆ. ಹಿರಿಯರ ಬಹುಕಾಲದ ಅನುಭವವು ಆ ಮೂರೇ ಮಾತುಗಳಲ್ಲಿ ಅಡಕವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹದಿನೈದು ವರ್ಷದ ಹುಡುಗನಿಗೋ ಹುಡುಗಿಗೋ ಮಧುಮೇಹವು ಬಂದ ಮನೆಯಲ್ಲಿ ಈ ಗಾದೆಯು ಬೇರೊಂದು ಧ್ವನಿಯಿಂದ ಕೇಳಿಸುತ್ತದೆ. ರೋಗವು ಬಂದಿದೆ, ಆದುದರಿಂದ ಈ ಮಗುವಿಗೆ ಊಟ ತಿಳಿಯದು, ಅಥವಾ ಇದರ ತಾಯಿಗೆ ಉಣಿಸುವುದು ತಿಳಿಯದು. ನೆಂಟರೂ ನೆರೆಯವರೂ ಬಾಯಿ ಬಿಟ್ಟು ಹೇಳದಿದ್ದರೂ ಈ ತರ್ಕವು ಮನೆಯ ಗಾಳಿಯಲ್ಲಿ ಸುಳಿದಾಡುತ್ತಿರುತ್ತದೆ. "ಸಿಹಿ ಹೆಚ್ಚಾಗಿ ತಿನ್ನುತ್ತಿದ್ದನೇ?" ಎಂಬ ಪ್ರಶ್ನೆಯನ್ನು ಜಯನಗರದಲ್ಲಿಯೂ ಬನಶಂಕರಿಯಲ್ಲಿಯೂ ಓದಿದವರೇ ಕೇಳುವುದುಂಟು.

ಎಳೆಯರನ್ನು ಹೆಚ್ಚಾಗಿ ಹಿಡಿಯುವ, ವೈದ್ಯರು ಟೈಪ್ ಒನ್ ಅಥವಾ ಒಂದನೆಯ ಬಗೆಯದೆಂದು ಕರೆಯುವ ಮಧುಮೇಹವನ್ನು ಕುರಿತು ಈ ಭಾಷಣ. ಈ ರೋಗವು ಕೆಟ್ಟ ಅಭ್ಯಾಸಗಳಿಂದ ಹುಟ್ಟಿದುದಲ್ಲ. ಆದರೆ ಇದರೊಡನೆ ಬಾಳುವುದು ಸಂಪೂರ್ಣವಾಗಿ ಅಭ್ಯಾಸಗಳನ್ನೇ ಅವಲಂಬಿಸಿದೆ. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಇವೆರಡನ್ನೂ ಬೇರೆಬೇರೆಯಾಗಿ ತಿಳಿಯುವುದಕ್ಕೆ ವೈದ್ಯಲೋಕಕ್ಕೇ ಬಹಳ ಕಾಲ ಹಿಡಿಯಿತು. ಆ ಕಾಲದಲ್ಲಿ ಪಥ್ಯವೆಂಬ ಮಾತಿನ ಅರ್ಥವು ಹೇಗೆ ಹೇಗೆ ಬದಲಾಯಿತೆಂಬುದೇ ನಮ್ಮ ಇಂದಿನ ವಿಷಯ.

ನಮ್ಮ ದೇಶದ ಗ್ರಂಥದಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವು ಎರಡು ವಿಧವೆಂದು ಹೇಳಿದೆ. ಒಂದು ಸಹಜ, ಅಂದರೆ ಹುಟ್ಟಿನೊಡನೆ ಬಂದದ್ದು. ಇನ್ನೊಂದು ಅಪಥ್ಯನಿಮಿತ್ತಜ, ಅಂದರೆ ಹಿತವಲ್ಲದ ಆಹಾರದಿಂದ ಬಂದದ್ದು. ಮೊದಲನೆಯದು ಹಿಡಿದವನು ಕೃಶನು, ಒಣಗಿದ ಮೈಯವನು, ಸ್ವಲ್ಪವೇ ಉಣ್ಣುವವನು, ಬಹಳವಾಗಿ ಬಾಯಾರುವವನು. ಎರಡನೆಯದು ಹಿಡಿದವನು ಸ್ಥೂಲನು, ಬಹಳ ಉಣ್ಣುವವನು, ಕುಳಿತಲ್ಲಿಯೂ ಮಲಗಿದಲ್ಲಿಯೂ ಸುಖವನ್ನು ಕಾಣುವವನು. ಕೃಶನಾದವನನ್ನು ಸಂಸ್ಕರಿಸಿದ ಅನ್ನಪಾನಗಳಿಂದ ಉಪಚರಿಸಬೇಕು, ಸ್ಥೂಲನಾದವನನ್ನು ಕರಗಿಸಬೇಕು ಎಂದು ಅಲ್ಲಿಯ ವಿಧಿ. ಈ ವಿಭಾಗವು ಇಂದಿನ ಎರಡು ಬಗೆಗಳಿಗೆ ತಾಳೆಯಾಗಿ ಹೊಂದುತ್ತದೆಂದು ಹೇಳಿದರೆ ಅತ್ಯುಕ್ತಿಯಾದೀತು. ಆದರೆ ರೋಗಿಗಳೆಲ್ಲರೂ ಅಪಥ್ಯದಿಂದ ರೋಗಿಗಳಾದವರಲ್ಲ, ಬಡಕಲಾದವನನ್ನು ಉಪವಾಸ ಕೆಡವಬಾರದು ಎಂಬ ಎರಡು ವಿವೇಕಗಳು ಅಲ್ಲಿ ಸ್ಪಷ್ಟವಾಗಿವೆ. ಅನಂತರದ ಕಾಲದಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಅಪಥ್ಯವೊಂದೇ. 'ಸಕ್ಕರೆ ಕಾಯಿಲೆ' ಎಂಬ ಹೆಸರೂ ಆ ತಪ್ಪು ತಿಳಿವಳಿಕೆಗೆ ಒತ್ತಾಸೆಯಾಯಿತು.

ಯೂರೋಪಿನಲ್ಲಿ ೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಮಿಂಕೋವ್ಸ್ಕಿ, ಫಾನ್ ಮೇರಿಂಗ್ ಎಂಬ ವಿದ್ವಾಂಸರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹವು ಬಂದಿತು. ರೋಗದ ಮೂಲವು ಆ ಗ್ರಂಥಿಯಲ್ಲಿದೆಯೆಂದು ಇದರಿಂದ ತಿಳಿಯಿತು. ಮೂಲವು ತಿಳಿದರೂ ಮದ್ದು ತಿಳಿಯಲಿಲ್ಲ. ಮದ್ದಿಲ್ಲದಿರುವಾಗ ವೈದ್ಯನ ಕೈಯಲ್ಲಿ ಉಳಿಯುವುದು ಪಥ್ಯವೊಂದೇ. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯನು ಈ ಪಥ್ಯವನ್ನು ಅದರ ಕೊನೆಯ ಮೇರೆಗೆ ಒಯ್ದನು. ಶರೀರವು ಅರಗಿಸಿಕೊಳ್ಳಲಾರದ ಆಹಾರವನ್ನು ಕೊಡದಿದ್ದರೆ ರೋಗಿಯು ಇನ್ನಷ್ಟು ದಿನ ಬದುಕಿರಬಲ್ಲನು ಎಂಬುದು ಅವನ ಸಿದ್ಧಾಂತ. ಮೂತ್ರದಲ್ಲಿ ಸಕ್ಕರೆಯು ನಿಲ್ಲುವವರೆಗೂ ಉಪವಾಸ. ಅನಂತರ ತೂಗಿ ಅಳೆದು ಕೊಟ್ಟ ಅಲ್ಪಾಹಾರ. ಸಕ್ಕರೆಯು ಮತ್ತೆ ಕಂಡರೆ ಮತ್ತೆ ಉಪವಾಸ. ಆಲೆನ್ ಕ್ರೂರನಲ್ಲ, ಆ ಕಾಲದಲ್ಲಿ ಅದಕ್ಕಿಂತ ಉತ್ತಮವಾದ ದಾರಿಯನ್ನು ಬಲ್ಲವರು ಯಾರೂ ಇರಲಿಲ್ಲ.

ಈ ಪಥ್ಯದ ಕಠೋರತೆಯನ್ನು ಅರಿಯಲು ಎಲಿಜಬೆತ್ ಹ್ಯೂಸ್ ಎಂಬ ಬಾಲೆಯ ವೃತ್ತಾಂತವೊಂದೇ ಸಾಕು. ಅವಳ ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದವನು. ೧೯೧೯ರಲ್ಲಿ, ಹನ್ನೊಂದು ವರ್ಷದವಳಾಗಿದ್ದಾಗ, ಅವಳಿಗೆ ಈ ರೋಗವು ಕಂಡುಬಂದಿತು. ಆಲೆನ್ನನ ಪಥ್ಯವನ್ನು ಅವಳು ಮೂರು ವರ್ಷಗಳ ಕಾಲ ನಡೆಸಿದಳು. ೧೯೨೨ರ ಆಗಸ್ಟ್ ತಿಂಗಳಲ್ಲಿ ಟೊರಾಂಟೊ ನಗರಕ್ಕೆ ಅವಳನ್ನು ಕರೆತಂದಾಗ, ಹದಿನೈದನ್ನು ಮುಟ್ಟುತ್ತಿದ್ದ ಆ ಹುಡುಗಿಯ ತೂಕವು ಸುಮಾರು ೪೫ ಪೌಂಡು, ಅಂದರೆ ಇಪ್ಪತ್ತು ಕಿಲೋಗ್ರಾಂ ಮಾತ್ರ. ಇದಕ್ಕಿಂತ ಹೆಚ್ಚಿನ ಸಂಯಮವನ್ನು ಯಾವ ಮಗುವಿನಿಂದ ಯಾರು ಕೇಳಿಯಾರು? ಆದರೂ ಅವಳು ಸಾಯುತ್ತಲೇ ಇದ್ದಳು. ಎಳೆಯರ ಮಧುಮೇಹದಲ್ಲಿ ನಿಗ್ರಹವೊಂದರಿಂದಲೇ ಪ್ರಾಣವು ಉಳಿಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿಲ್ಲ.

ಅವಳನ್ನು ಟೊರಾಂಟೊಗೆ ಕರೆತಂದ ಕಾರಣವನ್ನು ತಾವು ಬಲ್ಲಿರಿ. ಆ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಡ್, ಕಾಲಿಪ್ ಎಂಬವರು ೧೯೨೧ರಿಂದ ೧೯೨೨ರ ವರೆಗೆ ನಡೆಸಿದ ಪ್ರಯತ್ನದಿಂದ ಇನ್ಸುಲಿನ್ ಎಂಬ ದ್ರವ್ಯವು ಕೈಗೆ ಬಂದಿತ್ತು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲು ಅದನ್ನು ಚುಚ್ಚಿದಾಗ, ಮದ್ದು ಶುದ್ಧವಾಗಿರದೆ ಫಲವು ಅಷ್ಟಾಗಿ ದೊರೆಯಲಿಲ್ಲ. ಕಾಲಿಪ್ ಶುದ್ಧಿಮಾಡಿಕೊಟ್ಟ ದ್ರವವನ್ನು ಜನವರಿ ೨೩ರಂದು ಕೊಟ್ಟಾಗ ಹುಡುಗನು ಚೇತರಿಸಿಕೊಂಡನು. ಎಲಿಜಬೆತ್ತಳಿಗೆ ಬ್ಯಾಂಟಿಂಗ್ ಇನ್ಸುಲಿನ್ನನ್ನು ಕೊಟ್ಟುದಲ್ಲದೆ ಹೊಟ್ಟೆತುಂಬ ಊಟವನ್ನೂ ವಿಧಿಸಿದನು. ಅವಳು ಬೆಳೆದು, ಓದಿ, ಮದುವೆಯಾಗಿ, ಮೂವರು ಮಕ್ಕಳ ತಾಯಿಯಾಗಿ, ೧೯೮೧ರ ವರೆಗೆ ಬಾಳಿದಳು. ಅಷ್ಟು ವರ್ಷಗಳಲ್ಲಿ ಅವಳು ತೆಗೆದುಕೊಂಡ ಸೂಜಿಮದ್ದುಗಳ ಸಂಖ್ಯೆ ಸುಮಾರು ನಲವತ್ತೆರಡು ಸಾವಿರ.

ಈ ಸಂಖ್ಯೆಯನ್ನು ಸ್ವಲ್ಪ ಆಲೋಚಿಸಬೇಕು. ಇನ್ಸುಲಿನ್ ರೋಗವನ್ನು ತೆಗೆದುಹಾಕಲಿಲ್ಲ. ಪ್ರತಿದಿನವೂ ತಪ್ಪದೆ ಮಾಡಬೇಕಾದ ಒಂದು ಕೆಲಸವನ್ನು ಕೊಟ್ಟಿತು. ಹಿಂದೆ ಪಥ್ಯವೆಂದರೆ ಬಿಡುವುದಾಗಿತ್ತು, ಈಗ ಮಾಡುವುದಾಯಿತು. ಬಾಸ್ಟನ್ನಿನ ವೈದ್ಯನಾದ ಎಲಿಯಟ್ ಜೋಸ್ಲಿನ್ ಈ ಚಿಕಿತ್ಸೆಯನ್ನು ಮೂರು ಕುದುರೆಗಳ ರಥಕ್ಕೆ ಹೋಲಿಸುತ್ತಿದ್ದನು. ಆಹಾರ, ಇನ್ಸುಲಿನ್, ವ್ಯಾಯಾಮ ಇವೇ ಆ ಕುದುರೆಗಳು. ಒಂದು ಕುದುರೆಯು ಮುನ್ನುಗ್ಗಿದರೆ ರಥವು ಓರೆಯಾಗುತ್ತದೆ. ಸಾರಥಿಯು ವೈದ್ಯನಲ್ಲ, ರೋಗಿಯೇ. ವೈದ್ಯನು ತಿಂಗಳಿಗೊಮ್ಮೆ ದಾರಿಯನ್ನು ತೋರಿಸಬಹುದು. ಕಡಿವಾಣವು ಇರುವುದು ಆ ಹುಡುಗನ ಕೈಯಲ್ಲಿ.

ಆ ಸಾರಥ್ಯವು ಬಹಳ ವರ್ಷಗಳ ಕಾಲ ಎಷ್ಟು ಪ್ರಯಾಸದ್ದಾಗಿತ್ತೆಂಬುದನ್ನು ಇಂದಿನ ಯುವಕರು ಊಹಿಸಲಾರರು. ಗಾಜಿನ ಸಿರಿಂಜನ್ನೂ ದಪ್ಪ ಸೂಜಿಯನ್ನೂ ದಿನವೂ ಕುದಿಸಬೇಕು. ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯಬೇಕು. ಪ್ರಣಾಳದಲ್ಲಿ ಬೆನೆಡಿಕ್ಟನ ನೀಲಿಯ ದ್ರವವನ್ನು ಹಾಕಿ, ಎಂಟು ಹನಿ ಮೂತ್ರವನ್ನು ಬಿಟ್ಟು ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸುರು, ಹಳದಿ, ಕಿತ್ತಳೆಗಳನ್ನು ದಾಟಿ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಬಹಳವಾಗಿದೆ. ಆದರೆ ಈ ಬಣ್ಣವು ಹೇಳುತ್ತಿದ್ದುದು ಕಳೆದ ಕೆಲವು ಗಂಟೆಗಳ ವರ್ತಮಾನವನ್ನೇ ಹೊರತು ಆ ಕ್ಷಣದ್ದನ್ನಲ್ಲ. ಸಕ್ಕರೆಯು ಅಪಾಯಕರವಾಗಿ ಇಳಿದುದನ್ನಂತೂ ಅದು ಹೇಳಲೇ ಆರದು. ಇಂತಹ ಪರೀಕ್ಷೆಯು ಮನೆಯಲ್ಲಿ ನ್ಯಾಯಾಲಯದಂತಾಗುವುದು ಸುಲಭ. ಕೆಂಪು ಕಂಡರೆ "ಏನು ತಿಂದೆ?" ಎಂಬ ವಿಚಾರಣೆ, ವಿಚಾರಣೆಗೆ ಅಂಜಿ ಎಳೆಯರು ಪರೀಕ್ಷೆಯನ್ನೇ ತಪ್ಪಿಸುವುದು, ಇಲ್ಲವೇ ಮಾಡದ ಪರೀಕ್ಷೆಗೆ ಪುಸ್ತಕದಲ್ಲಿ ಒಳ್ಳೆಯ ಬಣ್ಣವನ್ನು ಬರೆಯುವುದು. ಪರೀಕ್ಷೆಯ ಉಪಕರಣವು ಬದಲಾದ ಮೇಲೂ ಈ ವಿಚಾರಣೆಯು ನಮ್ಮ ಮನೆಗಳಿಂದ ಪೂರ್ತಿಯಾಗಿ ಹೋಗಿಲ್ಲ.

ಈ ನಡುವೆ ಹಳೆಯ ಆರೋಪದ ಬುಡವೇ ಅಲುಗಾಡತೊಡಗಿತು. ೧೯೩೬ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬಾತನು ಮಧುಮೇಹಿಗಳಲ್ಲಿ ಇನ್ಸುಲಿನ್ನಿಗೆ ಬೇಗನೆ ಮಣಿಯುವವರು, ಮಣಿಯದವರು ಎಂಬ ಎರಡು ಪಂಗಡಗಳುಂಟೆಂದು ತೋರಿಸಿದನು. ೧೯೭೪ರಲ್ಲಿ ಲಂಡನ್ನಿನಲ್ಲಿಯೇ, ಇನ್ಸುಲಿನ್ ಸ್ರವಿಸುವ ಜೀವಕೋಶಗಳ ಮೇಲೆ ಶರೀರದ ರಕ್ಷಣಾಶಕ್ತಿಯು ತಾನೇ ಎರಗಿದ ಕುರುಹುಗಳು ರಕ್ತದಲ್ಲಿ ಕಂಡುವು. ಈ ಕಥೆಗೆ ಬೆಂಗಳೂರಿನ ಸಂಬಂಧವೂ ಒಂದುಂಟು. ೧೯೮೩ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಸಂಸ್ಥೆಯಲ್ಲಿದ್ದು, ತರುವಾಯ ನಮ್ಮ ನಗರದಲ್ಲಿ ವೈದ್ಯವೃತ್ತಿಯನ್ನು ನಡೆಸಿದ ಡಾಕ್ಟರ್ ಶ್ರೀಕಂಠ ಅವರು ಸಂಗಡಿಗರೊಡನೆ ಒಂದು ಲೇಖನವನ್ನು ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿ ತ್ರಿವಳಿಗಳಲ್ಲಿ ಒಬ್ಬರಿಗೆ ಮಾತ್ರ ರೋಗ ಬಂದಿದ್ದಾಗ, ಆರೋಗ್ಯವಾಗಿದ್ದ ಒಡಹುಟ್ಟಿದವರನ್ನು ವರ್ಷಾನುಗಟ್ಟಲೆ ಗಮನಿಸಿದ ಫಲವದು. ಮುಂದೆ ರೋಗಕ್ಕೆ ಒಳಗಾದವರ ರಕ್ತದಲ್ಲಿ ಅದರ ಕುರುಹು ವರ್ಷಗಳ ಮೊದಲೇ ಕಾಣಿಸಿಕೊಂಡು, ಇನ್ಸುಲಿನ್ ಸ್ರವಿಸುವ ಶಕ್ತಿಯು ಮೆಲ್ಲಮೆಲ್ಲನೆ ಕುಗ್ಗುತ್ತಿತ್ತು. ಅಂದರೆ ಮನೆಯವರು ಬಾಯಾರಿಕೆಯನ್ನೂ ಬಡಕಲಾಗುವುದನ್ನೂ ಗಮನಿಸುವ ಹೊತ್ತಿಗೆ, ಒಳಗಿನ ಹಾನಿಯು ಬಹುಕಾಲದ್ದಾಗಿರುತ್ತದೆ. ಹಿಂದಿನ ತಿಂಗಳಿನ ಹಬ್ಬದ ಹೋಳಿಗೆಯು ಅದಕ್ಕೆ ಕಾರಣವಲ್ಲ. ಮಗುವಿನ ತಪ್ಪೂ ಅಲ್ಲ, ತಾಯಿಯ ತಪ್ಪೂ ಅಲ್ಲ.

ಹಾಗಾದರೆ ಅಭ್ಯಾಸಗಳನ್ನು ತಿದ್ದಿಕೊಳ್ಳುವುದು ಏತಕ್ಕೆ ಎಂದು ಕೇಳಬಹುದು. ಇದಕ್ಕೆ ಉತ್ತರವು ಅದೇ ೧೯೮೩ರಲ್ಲಿ ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಆರಂಭವಾಗಿ ೧೯೯೩ರಲ್ಲಿ ಮುಗಿದ ಒಂದು ಮಹಾಪ್ರಯೋಗದಲ್ಲಿದೆ. ಅಷ್ಟು ಹೊತ್ತಿಗೆ ಬೆರಳ ತುದಿಯ ಒಂದು ಹನಿ ರಕ್ತದಿಂದ ಆ ಕ್ಷಣದ ಸಕ್ಕರೆಯನ್ನು ಮನೆಯಲ್ಲಿಯೇ ಅಳೆಯುವ ಯಂತ್ರವೂ, ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎ-ಒನ್-ಸಿ ಎಂಬ ಪರೀಕ್ಷೆಯೂ ಬಳಕೆಗೆ ಬಂದಿದ್ದುವು. ೧೩ರಿಂದ ೩೯ ವರ್ಷ ವಯಸ್ಸಿನ ೧,೪೪೧ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆಯನ್ನೂ, ಇನ್ನೊಂದಕ್ಕೆ ದಿನಕ್ಕೆ ಹಲವು ಬಾರಿ ಅಳತೆ ಮಾಡಿ ಇನ್ಸುಲಿನ್ ತೆಗೆದುಕೊಳ್ಳುವ ಕ್ರಮವನ್ನೂ ವಿಧಿಸಿ, ಸರಾಸರಿ ಆರೂವರೆ ವರ್ಷಗಳ ಕಾಲ ನೋಡಿದರು. ಮೊದಲು ಕಣ್ಣಿನ ಬಾಧೆಯಿಲ್ಲದವರಲ್ಲಿ, ಎರಡನೆಯ ಕ್ರಮದಿಂದ ಅಕ್ಷಿಪಟಲದ ರೋಗವು ತಲೆದೋರುವ ಸಂಭವವು ನೂರಕ್ಕೆ ೭೬ರಷ್ಟು ತಗ್ಗಿತು. ಮೂತ್ರಪಿಂಡ, ನರಗಳ ಬಾಧೆಗಳೂ ತಗ್ಗಿದುವು. ದಿನದಿನದ ಸಣ್ಣ ಅಭ್ಯಾಸಗಳು ಕಣ್ಣನ್ನು ಉಳಿಸಬಲ್ಲುವೆಂಬುದು ಅಂದಿನಿಂದ ವಿವಾದಕ್ಕೆ ಹೊರತಾದ ಮಾತು. ಆ ಪ್ರಯೋಗವು ಮುಗಿದು ಎರಡು ಗುಂಪುಗಳ ಸಕ್ಕರೆಯ ಮಟ್ಟವು ಒಂದೇ ಆದ ಮೇಲೆಯೂ, ಮೊದಲು ಕಟ್ಟುನಿಟ್ಟಾಗಿದ್ದವರಿಗೆ ಅದರ ಲಾಭವು ವರ್ಷಗಳವರೆಗೆ ಉಳಿದುಬಂದಿತು. ಯೌವನದಲ್ಲಿ ಕೂಡಿಟ್ಟದ್ದು ಮುಂದಕ್ಕೆ ಒದಗುತ್ತದೆಂದಾಯಿತು.

ಆದರೆ ಇದಕ್ಕೆ ಬೆಲೆಯೂ ಇತ್ತು. ಕಟ್ಟುನಿಟ್ಟಿನ ಗುಂಪಿನಲ್ಲಿ ಸಕ್ಕರೆಯು ತೀರ ಇಳಿದು ಪರರ ಸಹಾಯವು ಬೇಕಾಗುವಂತಹ ಸಂದರ್ಭಗಳು ಸುಮಾರು ಮೂರು ಪಟ್ಟಾದುವು. ಇನ್ನೊಂದು ಸಂಗತಿಯನ್ನು ತಾಯಿತಂದೆಗಳು ವಿಶೇಷವಾಗಿ ಗಮನಿಸಬೇಕು. ಆ ಪ್ರಯೋಗದಲ್ಲಿದ್ದ ೧೯೫ ಜನ ಹದಿವಯಸ್ಕರ ಎ-ಒನ್-ಸಿ ಅಂಕವು, ಅದೇ ವೈದ್ಯರ ಅದೇ ಆರೈಕೆಯಲ್ಲಿದ್ದ ದೊಡ್ಡವರದಕ್ಕಿಂತ ಹೆಚ್ಚುಕಡಿಮೆ ಒಂದು ಅಂಶದಷ್ಟು ಮೇಲೆಯೇ ಇದ್ದಿತು. ಅವಿಧೇಯತೆಯೊಂದೇ ಇದಕ್ಕೆ ಕಾರಣವಲ್ಲ. ಪ್ರಾಯಕ್ಕೆ ಬರುವ ಕಾಲದಲ್ಲಿ ಬೆಳವಣಿಗೆಯ ರಸಗಳು ಏರಿ, ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುತ್ತವೆಂದು ೧೯೮೬ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತ್ತು. ಹಿಂದಿನ ವರ್ಷ ಸಾಕಾಗಿದ್ದ ಪ್ರಮಾಣವು ಈ ವರ್ಷ ಸಾಲದೆ ಹೋಗಬಹುದು. ಯಂತ್ರದಲ್ಲಿ ಕಂಡ ದೊಡ್ಡ ಅಂಕಿಗೆ ಹುಡುಗಿಯನ್ನು ಗದರಿಸುವ ಮುನ್ನ ವೈದ್ಯರನ್ನು ಕೇಳುವುದು ವಿವೇಕ.

ಪಥ್ಯದ ಅರ್ಥವು ಕೊನೆಯ ಸಲ ಬದಲಾದುದು ಜರ್ಮನಿಯ ಡ್ಯುಸ್ಸೆಲ್‌ಡಾರ್ಫ್ ನಗರದಲ್ಲಿ. ಅಲ್ಲಿಯ ವೈದ್ಯರು ರೋಗಿಗಳಿಗೆ ನಿಷೇಧಗಳ ಪಟ್ಟಿಯನ್ನು ಕೊಡುವುದಕ್ಕೆ ಬದಲಾಗಿ ಐದು ದಿನಗಳ ಪಾಠವನ್ನು ಹೇಳಿದರು. ಯಾವ ಆಹಾರದಲ್ಲಿ ಪಿಷ್ಟ ಎಷ್ಟು, ಅದಕ್ಕೆ ಇನ್ಸುಲಿನ್ ಎಷ್ಟು ಎಂಬ ಲೆಕ್ಕವನ್ನು ಕಲಿಸಿ, ಊಟವನ್ನು ಅವರ ಇಚ್ಛೆಗೆ ಬಿಟ್ಟರು. ಇದನ್ನು ಅನುಸರಿಸಿ ಇಂಗ್ಲೆಂಡಿನಲ್ಲಿ ೧೬೯ ಜನರ ಮೇಲೆ ನಡೆದ ಪರೀಕ್ಷೆಯ ವರದಿಯು ೨೦೦೨ರಲ್ಲಿ ಹೊರಬಿದ್ದಿತು. ಪಾಠವನ್ನು ಕಲಿತವರ ಎ-ಒನ್-ಸಿ ಅಂಕವು ಆರು ತಿಂಗಳಲ್ಲಿ, ಕಲಿಯದವರದಕ್ಕಿಂತ ಒಂದು ಅಂಶದಷ್ಟು ಉತ್ತಮವಾಗಿತ್ತು. ಜೀವನದಲ್ಲಿ ಅವರಿಗಿದ್ದ ತೃಪ್ತಿಯೂ ಹೆಚ್ಚಾಗಿತ್ತು. ನಮ್ಮ ಗಾದೆಯು ಹೇಳುವುದೂ ಊಟ 'ಬಿಟ್ಟವನಿಗೆ' ಎಂದಲ್ಲ, ಊಟ 'ಬಲ್ಲವನಿಗೆ' ಎಂದು. ಆಲೆನ್ನನ ಕಾಲದಿಂದ ೨೦೦೨ರ ವರೆಗಿನ ಚರಿತ್ರೆಯು ಬಿಡುವುದರಿಂದ ಬಲ್ಲುದರ ಕಡೆಗೆ ನಡೆದ ಪಯಣ.

ಇನ್ನು ನಮ್ಮ ದಕ್ಷಿಣ ಬೆಂಗಳೂರಿಗೆ ಬರೋಣ. ರೋಗಕ್ಕೆ ಅಂಜಿ ಅಭ್ಯಾಸವನ್ನು ಬದಲಿಸಿಕೊಂಡುದು ಈ ಭಾಗಕ್ಕೆ ಹೊಸತಲ್ಲ. ೧೮೯೮ರಲ್ಲಿ ಪೇಟೆಯನ್ನು ಪ್ಲೇಗು ಹೊಕ್ಕಾಗ, ಇಕ್ಕಟ್ಟಿನ ಓಣಿಗಳಲ್ಲಿ ಬಾಳುತ್ತಿದ್ದವರಿಗೆ ಬಸವನಗುಡಿಯಲ್ಲಿ ಅಗಲವಾದ ಬೀದಿಗಳೂ ಗಾಳಿ ಬೆಳಕಿನ ನಿವೇಶನಗಳೂ ದೊರೆತುವು. ಚೊಕ್ಕಟವಾಗಿರಿ ಎಂದು ಬೈದು ಪ್ಲೇಗನ್ನು ಓಡಿಸಲು ಸಾಧ್ಯವಿರಲಿಲ್ಲ, ಬೀದಿಯನ್ನೇ ಬದಲಿಸಬೇಕಾಯಿತು. ಅದೇ ಕ್ರಮದ ಮುಂದುವರಿಕೆಯಾಗಿ ೧೯೪೮ರಲ್ಲಿ, ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಜಯನಗರಕ್ಕೆ ಅಸ್ತಿಭಾರವು ಬಿದ್ದಿತು. ಜಯಪ್ರಕಾಶ ನಗರ, ಬನಶಂಕರಿಯ ಬಡಾವಣೆಗಳು, ಬೈರಸಂದ್ರ ತಾವರೆಕೆರೆ ಮಡಿವಾಳಗಳ ಮೊದಲಕ್ಷರಗಳಿಂದ ಹೆಸರಾದ ಬಿ.ಟಿ.ಎಂ. ಬಡಾವಣೆ ಇವೆಲ್ಲವೂ ಅನಂತರದವು.

ಈ ಬಡಾವಣೆಗಳು ತಮ್ಮವೇ ಆದ ಅಭ್ಯಾಸಗಳನ್ನೂ ಬೆಳೆಸಿದುವು. ಮೇಲೆ ಎರಡು ಸಲ ಹೇಳಿದ ೧೯೮೩ನೆಯ ಇಸವಿಯಲ್ಲಿಯೇ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬ ಉಪಾಹಾರ ಮಂದಿರವು ತೆರೆದು, ನಿಂತುಕೊಂಡೇ ತಿನ್ನುವ ಪದ್ಧತಿಯು ಊರಿಗೆಲ್ಲ ಹರಡಿತು. ಹಸಿದ ವಿದ್ಯಾರ್ಥಿಗೆ ಐದು ನಿಮಿಷಗಳಲ್ಲಿ ಶುಚಿಯಾದ ಬಿಸಿ ತಿಂಡಿಯು ದೊರೆಯುವುದು ದೊಡ್ಡ ಉಪಕಾರವೇ ಸರಿ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವನಿಗೆ ಈ ವೇಗವೇ ತೊಡಕು. ಊಟಕ್ಕೆ ಮುಂಚಿನ ಇನ್ಸುಲಿನ್ನಿಗೆ ಕೆಲಸಮಾಡಲು ಸ್ವಲ್ಪ ಹೊತ್ತು ಬೇಕು. ಅದರ ಬಗೆಗೆ ತಕ್ಕಂತೆ ಕಾಲು ಗಂಟೆಯೋ ಅರ್ಧ ಗಂಟೆಯೋ ಎಂದು ವೈದ್ಯರು ಹೇಳಿರುತ್ತಾರೆ. ಚೀಟಿ ಪಡೆದ ಮರುಗಳಿಗೆಯಲ್ಲಿಯೇ ದೋಸೆಯು ಕೈಗೆ ಬರುವಲ್ಲಿ, ಗೆಳೆಯರ ಮುಂದೆ ಅಂಗಿಯನ್ನೆತ್ತಿ ಚುಚ್ಚಿಕೊಳ್ಳಲು ನಾಚಿ, "ಮನೆಗೆ ಹೋಗಿ ತೆಗೆದುಕೊಂಡರಾಯಿತು" ಎಂದುಕೊಳ್ಳುತ್ತಾನೆ. ಮನೆಗೆ ಹೋಗುವಷ್ಟರಲ್ಲಿ ಸಕ್ಕರೆಯು ಏರಿರುತ್ತದೆ, ಇನ್ಸುಲಿನ್ನು ಮರೆತಿರುತ್ತದೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆಯ ಕೊಠಡಿಗಳಲ್ಲಿ ಊರು ಬಿಟ್ಟು ಬಂದು ನೆಲಸಿ, ರಾತ್ರಿಯ ಪಾಳಿಯಲ್ಲಿ ದುಡಿಯುವ ತರುಣರಿಗೆ ಕಷ್ಟವು ಇನ್ನೊಂದು ಬಗೆಯದು. ಅಲ್ಲಿ ಊಟದ ವೇಳೆಯನ್ನೂ ಅಡಿಗೆಯನ್ನೂ ಗೊತ್ತುಮಾಡುವವರು ಇತರರು. ನಡುರಾತ್ರಿಯಲ್ಲಿ ಸಕ್ಕರೆಯು ಇಳಿದರೆ ಗುರುತಿಸುವವರು ಪಕ್ಕದ ಮಂಚದ ಗೆಳೆಯರಲ್ಲದೆ ಬೇರೆಯವರಿಲ್ಲ.

ಅನುಕೂಲಗಳೂ ಇಲ್ಲದಿಲ್ಲ. ೧೯೭೮ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಷೆಡ್ಡೊಂದರಲ್ಲಿ ಹುಟ್ಟಿದ ಬಯೋಕಾನ್ ಸಂಸ್ಥೆಯು ೨೦೦೪ರಲ್ಲಿ, ಯೀಸ್ಟಿನ ಒಂದು ಜಾತಿಯಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಬಿ.ಟಿ.ಎಂ. ಬಡಾವಣೆಯ ಪಕ್ಕದಿಂದ ದಕ್ಷಿಣಕ್ಕೆ ಸಾಗುವ ಹೊಸೂರು ರಸ್ತೆಯ ಮೇಲೆಯೇ ಅದರ ಕಾರ್ಖಾನೆಯಿದೆ. ಶತಮಾನದ ಹಿಂದೆ ಟೊರಾಂಟೊಗೆ ಹಡಗು ಹತ್ತಬೇಕಾಗಿದ್ದ ಮದ್ದು ಈಗ ನಮ್ಮ ಊರಿನಲ್ಲಿಯೇ ಸಿದ್ಧವಾಗುತ್ತಿದೆ. ಡಾಕ್ಟರ್ ಶ್ರೀಕಂಠ ಅವರ ಸಂಬಂಧದ 'ಸಮತ್ವಂ' ಎಂಬ ಸಂಸ್ಥೆಯ ಹೆಸರು ಗೀತೆಯಿಂದ ತೆಗೆದುಕೊಂಡದ್ದು. ಅತಿಯಾದ ಊಟವೂ ಅಲ್ಲ, ಅನಶನವೂ ಅಲ್ಲ ಎಂಬ ಗೀತೆಯ ಯುಕ್ತಾಹಾರದ ಭಾವನೆಯು ಈ ರೋಗಕ್ಕೆ ಎಷ್ಟು ಹೊಂದುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಭ್ಯಾಸವನ್ನು ಬದಲಿಸುವ ಬಗೆ ಹೇಗೆ? "ಹುಟ್ಟುಗುಣ ಸುಟ್ಟರೂ ಹೋಗದು" ಎಂದು ಕೈಚೆಲ್ಲುವವರುಂಟು. ಆದರೆ ಅಭ್ಯಾಸವು ಹುಟ್ಟುಗುಣವಲ್ಲ. ಲಂಡನ್ನಿನ ವಿಶ್ವವಿದ್ಯಾನಿಲಯದ ಕಾಲೇಜೊಂದರಲ್ಲಿ ೯೬ ಜನರನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರು ಒಬ್ಬೊಬ್ಬರೂ ಯಾವುದಾದರೂ ಒಂದೇ ಸಣ್ಣ ಕೆಲಸವನ್ನು ದಿನದ ಒಂದು ನಿಶ್ಚಿತ ಸಂದರ್ಭಕ್ಕೆ ಕಟ್ಟಿಕೊಂಡರು. ಆ ಕೆಲಸವು ತಾನಾಗಿ ನಡೆಯುವಂತಾಗಲು ಕೆಲವರಿಗೆ ೧೮ ದಿನಗಳು ಸಾಕೆಂದೂ, ಕೆಲವರಿಗೆ ೨೫೪ ದಿನಗಳು ಬೇಕೆಂದೂ ಲೆಕ್ಕಕ್ಕೆ ಬಂದಿತು. ನಡುವಿನ ಸಂಖ್ಯೆ ೬೬. ಒಂದು ದಿನ ತಪ್ಪಿದುದರಿಂದ ಹಾನಿಯೇನೂ ಆಗಲಿಲ್ಲ. ಒಮ್ಮೆ ತಪ್ಪಿದೊಡನೆ ಎಲ್ಲವನ್ನೂ ಬಿಟ್ಟುಬಿಡುವ ಯುವಕರಿಗೆ ಇದಕ್ಕಿಂತ ಹಿತವಾದ ಸುದ್ದಿಯಿಲ್ಲ.

ಆದುದರಿಂದ ಹತ್ತು ಸಂಕಲ್ಪಗಳನ್ನು ಒಂದೇ ದಿನ ಮಾಡುವುದಕ್ಕಿಂತ, ಒಂದನ್ನು ಹಿಡಿದು ಅದನ್ನು ಈಗಾಗಲೇ ಇರುವ ಅಭ್ಯಾಸಕ್ಕೆ ಗಂಟುಹಾಕುವುದು ಲೇಸು. ಬೆಳಗ್ಗೆ ಹಲ್ಲುಜ್ಜುವ ಮುನ್ನ ಸಕ್ಕರೆಯನ್ನು ಅಳೆಯುವುದು. ಮನೆಯಲ್ಲಿ ಒಲೆಯ ಮೇಲೆ ಕಾವಲಿಯನ್ನಿಟ್ಟಾಗಲೇ ಇನ್ಸುಲಿನ್ನನ್ನು ತೆಗೆದುಕೊಳ್ಳುವುದು. ಚುಚ್ಚುವ ಜಾಗವನ್ನು ದಿನವೂ ಬದಲಿಸುವುದು, ಏಕೆಂದರೆ ಒಂದೇ ಕಡೆ ಚುಚ್ಚಿದರೆ ಚರ್ಮದಡಿಯಲ್ಲಿ ಗಂಟು ಕಟ್ಟಿ ಮದ್ದು ಸರಿಯಾಗಿ ಹೀರದು. ಹೊರಗೆ ಹೊರಡುವಾಗ ಮನೆಯ ಬೀಗದ ಕೈಯೊಡನೆ ಗ್ಲೂಕೋಸಿನ ಪೊಟ್ಟಣವನ್ನೂ ಜೇಬಿಗೆ ಹಾಕುವುದು. ಸಕ್ಕರೆಯು ಇಳಿದಾಗ ಹದಿನೈದು ಗ್ರಾಂ ಗ್ಲೂಕೋಸನ್ನು ತಿಂದು, ಹದಿನೈದು ನಿಮಿಷ ಕಾದು ಮತ್ತೆ ಅಳೆಯಬೇಕು. ಗಾಬರಿಯಿಂದ ಅಡಿಗೆಮನೆಯಲ್ಲಿದ್ದುದನ್ನೆಲ್ಲ ತಿನ್ನುವ ಅಭ್ಯಾಸವೇ ಮುಂದಿನ ಏರಿಕೆಗೆ ಮೂಲ. ಲಾಲ್‌ಬಾಗಿನಲ್ಲಿಯೋ ಜಯನಗರದ ಲಕ್ಷ್ಮಣರಾವ್ ಉದ್ಯಾನದಲ್ಲಿಯೋ ನಡೆಯುವುದು ಉತ್ತಮವೇ. ಆದರೆ ನಡಿಗೆಯೂ ಸಕ್ಕರೆಯನ್ನು ಇಳಿಸುತ್ತದೆಂಬುದನ್ನು ಮರೆಯಬಾರದು. ಮದ್ಯವು ಹಲವು ಗಂಟೆಗಳ ತರುವಾಯ, ನಿದ್ರೆಯಲ್ಲಿ, ಸಕ್ಕರೆಯನ್ನು ಇಳಿಸಬಲ್ಲುದೆಂಬುದನ್ನೂ ತರುಣರು ತಿಳಿದಿರಬೇಕು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಏಕಾದಶಿಯ ಉಪವಾಸವಾಗಲಿ, ಜ್ವರ ವಾಂತಿಗಳಾಗಲಿ, ಮೂಲದಿಂದ ಗುಣಮಾಡುತ್ತೇನೆಂದು ಬೇರು ಕಷಾಯಗಳನ್ನು ಮಾರುವವರ ಮಾತಾಗಲಿ, ಯಾವ ಕಾರಣಕ್ಕೂ ಇನ್ಸುಲಿನ್ನನ್ನು ಪೂರ್ತಿಯಾಗಿ ನಿಲ್ಲಿಸಬಾರದು. ಪ್ರಮಾಣವನ್ನು ಹೆಚ್ಚಿಸುವುದೂ ತಗ್ಗಿಸುವುದೂ ವೈದ್ಯರ ಸಲಹೆಯಂತೆ ಆಗಬೇಕು. ಈ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ನಿಂತರೆ ರಕ್ತದಲ್ಲಿ ಆಮ್ಲಗಳು ಏರಿ, ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಅದಕ್ಕೂ ಬೇಗನೆ, ಪ್ರಾಣಕ್ಕೆ ಅಪಾಯವು ಒದಗುತ್ತದೆ. ೧೯೨೨ಕ್ಕೆ ಮುಂಚೆ ಎಳೆಯರು ಸತ್ತುದು ಹೀಗೆಯೇ. ಮನೆಯಲ್ಲಿ ಮದ್ದಿದ್ದೂ ಅಂತಹ ಸಾವಿಗೆ ಒಳಗಾಗುವುದು ಅತ್ಯಂತ ಶೋಚನೀಯ.

ಎಲಿಜಬೆತ್ ಹ್ಯೂಸಳ ಚರಿತ್ರೆಯಲ್ಲಿ ಇನ್ನೊಂದು ಅಂಶವಿದೆ. ಅಷ್ಟು ದೀರ್ಘಕಾಲ ಬಾಳಿದ ಆಕೆಯು ತನ್ನ ರೋಗವನ್ನು ಲೋಕದಿಂದ ಮರೆಮಾಡಿದಳು. ಆಪ್ತರಲ್ಲಿಯೂ ಬಹುಮಂದಿಗೆ ಅದು ತಿಳಿಯದು. ಬಾಲ್ಯದಲ್ಲಿ ಅನುಭವಿಸಿದುದನ್ನು ಆಕೆಯು ಮರೆಯಬಯಸಿದುದು ಸ್ವಾಭಾವಿಕ. ಆದರೆ ಮುಚ್ಚಿಡಬೇಕಾದ ಅಭ್ಯಾಸವು ತಪ್ಪಿಹೋಗುವುದೂ ಸುಲಭ. ನಮ್ಮ ಮನೆಗಳಲ್ಲಿ ಮಗಳ ಮದುವೆಯ ಚಿಂತೆಯಿಂದಲೂ, ಮಗನ ಉದ್ಯೋಗದ ಚಿಂತೆಯಿಂದಲೂ ಈ ರೋಗವನ್ನು ಮುಚ್ಚಿಡುವುದುಂಟು. ಅದರ ಫಲವನ್ನು ಅನುಭವಿಸುವವರು ಆ ಮಕ್ಕಳೇ. ಬಸವನಗುಡಿಯ ಬೀದಿಗಳನ್ನು ಅಗಲಮಾಡಿದಂತೆ, ಇವರ ದಾರಿಯನ್ನೂ ಅಗಲಮಾಡಿಕೊಡಬೇಕಾದವರು ಸುತ್ತಲಿರುವವರು. ಯುಗಾದಿಯ ಹೋಳಿಗೆಯನ್ನು ಎಲೆಗೆ ಹಾಕುವಾಗ ಅಜ್ಜಿಯು "ನಿನಗೆ ಬೇಡವಲ್ಲ" ಎನ್ನದೆ "ಎಷ್ಟು ಬಡಿಸಲಿ?" ಎಂದು ಕೇಳಬಹುದು. ತರಗತಿಯ ನಡುವೆ ಸಕ್ಕರೆಯನ್ನು ಅಳೆದುಕೊಳ್ಳುವವನನ್ನು ಉಪಾಧ್ಯಾಯನು ಪ್ರಶ್ನಿಸದಿರಬಹುದು. ಉಪಾಹಾರ ಮಂದಿರದಲ್ಲಿ ಗೆಳೆಯನು ಪೆನ್ನಿನಾಕಾರದ ಸೂಜಿಯನ್ನು ತೆಗೆದಾಗ ಉಳಿದವರು ಕಣ್ಣರಳಿಸಿ ನೋಡದೆ, ತಮ್ಮ ದೋಸೆಯನ್ನು ಹತ್ತು ನಿಮ್ಮಿಷ ತಡೆದು ಅವನೊಡನೆಯೇ ತಿನ್ನಬಹುದು.